ಎಲೆ ಹಳದಿಯಾದರೆ ಮೊದಲು ಬೇರು ನೋಡಿ

ಮಳೆ ಹಿಂದೆ ಸರಿದು, ದೀಪಾವಳಿ ಮುಗಿದು, ತೋಟದ ನೆಲ ಆರತೊಡಗಿತೆಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಪ್ರತಿ ವರ್ಷ ಕಾಳುಮೆಣಸಿನ ಬಗ್ಗೆ ಒಂದೇ ಮಾತು ಕಿವಿಗೆ ಬೀಳುತ್ತದೆ: "ಮೆಣಸಿನ ಬಳ್ಳಿ ಹಳದಿ ಆಯ್ದು, ಎಂತ ಹಾಕವು?" ಸೊಸೈಟಿಯ ಜಗಲಿಯಲ್ಲಿ, ಮದುವೆಮನೆಯ ಪಂಕ್ತಿಯಲ್ಲಿ, ಬಸ್ಸಿಗೆ ಕಾಯುವಾಗ ಇದೇ ಮಾತು. ಉತ್ತರಕ್ಕೂ ಬರವಿಲ್ಲ. ಒಬ್ಬರು ಯೂರಿಯಾ ಎನ್ನುತ್ತಾರೆ, ಒಬ್ಬರು ಮೆಗ್ನೀಸಿಯಂ ಎನ್ನುತ್ತಾರೆ, ಮತ್ತೊಬ್ಬರು ತಮ್ಮ ತೋಟಕ್ಕೆ ಸಿಂಪಡಿಸಿದ ದ್ರವ ಗೊಬ್ಬರದ ಹೆಸರು ಹೇಳುತ್ತಾರೆ. ನಾನೂ ಹೀಗೆ ಕೇಳಿಕೊಂಡು ಬಂದದ್ದನ್ನೆಲ್ಲ ನಾಲ್ಕೈದು ವರ್ಷ ಬಳ್ಳಿಯ ಬುಡಕ್ಕೆ ಹಾಕಿದ್ದೇನೆ.

ಈ ಪ್ರಶ್ನೆಯಲ್ಲೇ ಒಂದು ತಪ್ಪು ಎಣಿಕೆ ಕೂತಿದೆ. ಎಲೆ ಹಳದಿಯಾಯಿತು ಎಂದರೆ ಗಿಡಕ್ಕೆ ಹಸಿವಾಗಿದೆ ಎಂಬುದು ನಿಜ. ಆದರೆ ಹಸಿವಿಗೆ ಎರಡು ಕಾರಣ ಇರಬಹುದು. ಬಡಿಸಿದ್ದು ಸಾಲದೆ ಇರಬಹುದು, ಅಥವಾ ಬಡಿಸಿದ್ದನ್ನು ಉಣ್ಣುವ ಬಾಯಿಯೇ ಹಾಳಾಗಿರಬಹುದು. ಗಿಡದ ಬಾಯಿ ಅದರ ಬೇರು. ಆ ಬೇರಿನೊಳಗೆ ಕಣ್ಣಿಗೆ ಕಾಣದ ಜಂತುಹುಳು, ಅಂದರೆ ನೆಮಟೋಡ್, ಸೇರಿಕೊಂಡಿದ್ದರೆ ಮೇಲಿಂದ ಎಷ್ಟು ಬಡಿಸಿದರೂ ಬಳ್ಳಿ ಉಪವಾಸವೇ.

ಇದು ನನಗೆ ಮನದಟ್ಟಾದದ್ದು ನಮ್ಮ ತೋಟದಲ್ಲಲ್ಲ, ಕಲಘಟಗಿಯ ಹತ್ತಿರದ ಒಂದು ಸೋಯಾಬೀನ್ ಹೊಲದಲ್ಲಿ. ಯಲ್ಲಾಪುರದ ಕಾಡು ಮುಗಿದು ಬಯಲು ತೆರೆದುಕೊಳ್ಳುವ ಆ ಭಾಗದಲ್ಲಿ ನನ್ನ ಕಾಲೇಜಿನ ಗೆಳೆಯನ ಹೊಲವಿದೆ. ಮುಂಗಾರಿಗೆ ಸೋಯಾ, ಹಿಂಗಾರಿಗೆ ಕಡಲೆ. ಆಗಸ್ಟ್‌ನಲ್ಲಿ ಹೋದಾಗ ಹೊಲದ ಒಂದು ಮೂಲೆಯ ಗಿಡಗಳು ಮೊಣಕಾಲಿಗೂ ಬಂದಿರಲಿಲ್ಲ, ಬಣ್ಣ ತಿಳಿಹಳದಿ. ಉಳಿದ ಹೊಲ ಸೊಂಪಾಗಿತ್ತು. "ಆ ಮೂಲ್ಯಾಗ ಎರಡ ಸಲಾ ಗೊಬ್ಬರಾ ಕೊಟ್ಟೇನಪಾ, ಏಳವಲ್ದು" ಎಂದ. ಒಂದು ಗಿಡವನ್ನು ಸಲಿಕೆಯಿಂದ ಮಣ್ಣಿನ ಸಮೇತ ಎತ್ತಿ, ಬಕೆಟ್ ನೀರಿನಲ್ಲಿ ಮುಳುಗಿಸಿಟ್ಟು, ಮಣ್ಣು ತಾನಾಗಿ ಕರಗುವ ತನಕ ಕಾದೆವು. ಕಿತ್ತು ಕೊಡವಿದರೆ ಎಳೆಬೇರು ಮಣ್ಣಲ್ಲೇ ಉಳಿದುಬಿಡುತ್ತದೆ, ನೋಡಬೇಕಾದದ್ದೇ ಸಿಗುವುದಿಲ್ಲ.

ಬೇರಿನ ತುಂಬ ಗಂಟುಗಳಿದ್ದವು. ಗೆಳೆಯನಿಗೆ ಸಮಾಧಾನವೇ ಆಯಿತು. ಸೋಯಾದ ಬೇರಿನಲ್ಲಿ ಗಂಟಿದ್ದರೆ ಒಳ್ಳೆಯದು, ಅದು ಗಾಳಿಯ ಸಾರಜನಕವನ್ನು ಹಿಡಿಯುವ ರೈಜೋಬಿಯಂ ಬ್ಯಾಕ್ಟೀರಿಯಾದ ಗಂಟು ಎಂದು ಅವನಿಗೆ ಗೊತ್ತು. ಆದರೆ ಎರಡು ಬಗೆಯ ಗಂಟುಗಳಿವೆ, ಬೇರೆ ಮಾಡಿ ನೋಡುವುದು ಕಷ್ಟವಲ್ಲ. ರೈಜೋಬಿಯಂ ಗಂಟು ಬೇರಿನ ಪಕ್ಕಕ್ಕೆ ಮಣಿಯಂತೆ ಅಂಟಿಕೊಂಡಿರುತ್ತದೆ, ಹೆಬ್ಬೆರಳಿನಿಂದ ಉಜ್ಜಿದರೆ ಕಳಚಿ ಬೀಳುತ್ತದೆ, ಉಗುರಿನಿಂದ ಸೀಳಿದರೆ ಒಳಗೆ ನಸುಗೆಂಪು. ಆ ಕೆಂಪು ಇದ್ದರೆ ಗಂಟು ಕೆಲಸ ಮಾಡುತ್ತಿದೆ ಎಂದರ್ಥ. ಜಂತುಹುಳುವಿನ ಗಂಟು ಹಾಗಲ್ಲ. ಅಲ್ಲಿ ಬೇರೇ ಊದಿಕೊಂಡಿರುತ್ತದೆ. ಉಜ್ಜಿದರೆ ಕಳಚುವುದಿಲ್ಲ, ಕಿತ್ತರೆ ಬೇರೇ ತುಂಡಾಗುತ್ತದೆ, ಸೀಳಿದರೆ ಒಳಗೆ ಬಿಳಿ. ನಮ್ಮ ಕೈಯಲ್ಲಿದ್ದ ಬೇರಿನಲ್ಲಿ ಉಜ್ಜಿದರೆ ಬಿದ್ದ ಮಣಿಗಳು ನಾಲ್ಕೈದು ಮಾತ್ರ. ಉಳಿದದ್ದೆಲ್ಲ ಊದಿದ ಬೇರು. ಸೊಂಪಾದ ಕಡೆಯ ಒಂದು ಗಿಡವನ್ನೂ ಎತ್ತಿ ಪಕ್ಕದಲ್ಲಿಟ್ಟಾಗ ಇಬ್ಬರಿಗೂ ಮಾತು ಬೇಕಾಗಲಿಲ್ಲ.

ಬೇರಿನೊಳಗೆ ನಡೆಯುವುದು ಇಷ್ಟು. ಮೊಟ್ಟೆಯೊಡೆದು ಬಂದ ಮರಿ ಹುಳು ಸುಮಾರು ಅರ್ಧ ಮಿಲಿಮೀಟರಿಗಿಂತಲೂ ಸಣ್ಣದು. ಮಣ್ಣಿನ ಕಣಗಳ ನಡುವಿನ ನೀರಿನ ಪದರದಲ್ಲಿ ಈಜಿ ಬಂದು, ಬೇರಿನ ತುದಿಯ ಮೆತ್ತನೆಯ ಭಾಗದಲ್ಲಿ ಒಳಹೊಕ್ಕು, ಆಹಾರ ಸಾಗುವ ನಾಳಗಳ ಬಳಿ ನೆಲೆ ನಿಲ್ಲುತ್ತದೆ. ಅಲ್ಲಿನ ಕೆಲವು ಜೀವಕೋಶಗಳನ್ನು ಕೆರಳಿಸಿ ಹಲವು ಪಟ್ಟು ದೊಡ್ಡದು ಮಾಡಿ, ತನ್ನ ಬದುಕಿನುದ್ದಕ್ಕೂ ಆ ದೈತ್ಯ ಕೋಶಗಳಿಂದಲೇ ಹೀರುತ್ತದೆ. ಎಲೆ ಬಿಸಿಲಿನಲ್ಲಿ ತಯಾರಿಸಿದ ಸಕ್ಕರೆ ಕಾಯಿಗೆ ಹೋಗಬೇಕಾದದ್ದು ಬೇರಿನ ಗಂಟಿಗೆ ಹರಿಯುತ್ತದೆ. ನೀರು ಮೇಲೇರುವ ನಾಳಗಳು ಅಲ್ಲೇ ತಿರುಚಿಕೊಳ್ಳುವುದರಿಂದ ರಂಜಕ, ಪೊಟ್ಯಾಷ್, ಸತು ಯಾವುದೂ ಸಲೀಸಾಗಿ ಮೇಲೆ ಹೋಗುವುದಿಲ್ಲ. ಮಣ್ಣಿನಲ್ಲಿ ತೇವವಿದ್ದರೂ ನಡುಮಧ್ಯಾಹ್ನ ಎಲೆ ಬಾಡುತ್ತದೆ. ಒಂದು ಹೆಣ್ಣು ಹುಳು ಅಂಟಿನಂಥ ಚೀಲದಲ್ಲಿ ಇಡುವ ಮೊಟ್ಟೆ ಮುನ್ನೂರು ನಾನೂರು. ನಮ್ಮ ಹವೆಯಲ್ಲಿ ಒಂದು ತಲೆಮಾರಿಗೆ ಸುಮಾರು ಒಂದು ತಿಂಗಳು ಸಾಕು. ಜೂನ್‌ನಲ್ಲಿ ಬೇರಿಗೆ ಹೊಕ್ಕ ಹುಳುವಿನ ಸಂತಾನ ನವೆಂಬರ್ ಹೊತ್ತಿಗೆ ಎಷ್ಟಾಗಿರಬಹುದೆಂದು ಲೆಕ್ಕ ಹಾಕಿದರೆ ಎದೆ ಝಲ್ಲೆನ್ನುತ್ತದೆ.

ಸೋಯಾಕ್ಕೆ ಇದು ಎರಡು ಹೊಡೆತ. ಒಂದು ಟನ್ ಕಾಳಿಗೆ ಆ ಬೆಳೆಗೆ ಸುಮಾರು 80 ಕಿಲೋ ಸಾರಜನಕ ಬೇಕು. ಅದರಲ್ಲಿ ಅರ್ಧದಷ್ಟನ್ನಾದರೂ ರೈಜೋಬಿಯಂ ಗಂಟುಗಳೇ ಒದಗಿಸುತ್ತವೆ. ಜಂತುಹುಳು ಬೇರನ್ನು ಆಕ್ರಮಿಸಿದಾಗ ಆ ಗಂಟುಗಳಿಗೆ ಜಾಗವೂ ಇಲ್ಲ, ಅವುಗಳಿಗೆ ಬೇಕಾದ ಸಕ್ಕರೆಯೂ ಇಲ್ಲ. ಗಿಡ ಹಳದಿಯಾಗುತ್ತದೆ. ರೈತ ಯೂರಿಯಾ ಕೊಡುತ್ತಾನೆ. ಯೂರಿಯಾ ಹೆಚ್ಚಾದರೆ ಉಳಿದ ರೈಜೋಬಿಯಂ ಗಂಟುಗಳೂ ಕೆಲಸ ನಿಲ್ಲಿಸುತ್ತವೆ. ಕಡಲೆಗೂ ಇದೇ ಬೇರುಗಂಟು ಹುಳು ತಗಲುವುದರಿಂದ ಹಿಂಗಾರಿನಲ್ಲೂ ಅದಕ್ಕೆ ಊಟ ತಪ್ಪುವುದಿಲ್ಲ. ಗೆಳೆಯನ ಹೊಲದ ಮೂಲೆ ವರ್ಷದಿಂದ ವರ್ಷಕ್ಕೆ ದೊಡ್ಡದಾದದ್ದು ಹೀಗೆ.

ಹಾಗಾದರೆ ಪೋಷಕಾಂಶಕ್ಕೂ ಜಂತುಹುಳುವಿಗೂ ಸಂಬಂಧವೇ ಇಲ್ಲವೇ? ಇದೆ, ಗಾಢವಾಗಿ ಇದೆ, ಆದರೆ ನಾವು ಎಣಿಸಿದ ಹಾಗಲ್ಲ. ಪೊಟ್ಯಾಷ್ ವಿಷಯವನ್ನೇ ನೋಡಿ. ಪೊಟ್ಯಾಷ್ ಸಾಕಷ್ಟು ಸಿಕ್ಕ ಗಿಡ ಹುಳುವಿನ ಕಾಟವನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ, ಇಳುವರಿ ಅಷ್ಟಾಗಿ ಬೀಳುವುದಿಲ್ಲ. ಆದರೆ ಹುಳುವಿನ ಸಂಖ್ಯೆ ಅದರಿಂದ ಇಳಿಯುತ್ತದೆ ಎನ್ನುವಂತಿಲ್ಲ. ಬೇರು ಹೆಚ್ಚು ಬೆಳೆದಷ್ಟೂ ಹುಳುವಿಗೂ ಹೆಚ್ಚು ಜಾಗ, ಹಾಗಾಗಿ ಕೆಲವು ಪ್ರಯೋಗಗಳಲ್ಲಿ ಸಂಖ್ಯೆ ಏರಿದ್ದೂ ಉಂಟು. ತಾಳಿಕೊಳ್ಳುವುದು ಬೇರೆ, ತಡೆಯುವುದು ಬೇರೆ. ಗೊಬ್ಬರ ಹಾಕಿದ ಮೇಲೆ ಬಳ್ಳಿ ಎರಡು ತಿಂಗಳು ಹಸಿರಾಯಿತು ಎಂದು ರೋಗ ಹೋಯಿತೆಂದು ತಿಳಿಯುವುದು ಈ ಎರಡನ್ನು ಒಂದೇ ಎಂದುಕೊಂಡಿದ್ದರಿಂದ. ಸಾರಜನಕದ ಮಾತು ಇನ್ನೂ ಸೂಕ್ಷ್ಮ. ಒಮ್ಮೆಲೇ ಹೆಚ್ಚು ಕೊಟ್ಟರೆ ಎಳಸಾದ, ಮೆತ್ತನೆಯ ಬೇರು ಬರುತ್ತದೆ, ಹುಳುವಿಗೆ ಅದೇ ಇಷ್ಟ. ಆದರೆ ಅದೇ ಸಾರಜನಕ ಬೇವಿನ ಹಿಂಡಿಯಂಥ ಸಾವಯವ ರೂಪದಲ್ಲಿ ಮಣ್ಣಿಗೆ ಸೇರಿ ಕೊಳೆಯುವಾಗ ಹೊರಬರುವ ಅಮೋನಿಯಾ ಹುಳುವಿಗೆ ವಿಷ. ಹಿಂಡಿಯಲ್ಲಿರುವ ಬೇವಿನ ಅಂಶವೂ ಅದಕ್ಕೆ ಕೂಡಿಕೊಳ್ಳುತ್ತದೆ. ಕ್ಯಾಲ್ಸಿಯಂ ಬೇರಿನ ಜೀವಕೋಶದ ಗೋಡೆಯನ್ನು ಗಟ್ಟಿ ಮಾಡುತ್ತದೆ. ಅದು ಕೊರತೆಯಾದ ಹುಳಿ ಮಣ್ಣಿನಲ್ಲಿ ಬೇರು ಮೊದಲೇ ಬಡವಾಗಿರುತ್ತದೆ.

ಈಗ ನಮ್ಮ ಮೆಣಸಿನ ಬಳ್ಳಿಗೆ ಬರೋಣ. ಇಲ್ಲಿ ಹುಳು ಒಂದಲ್ಲ, ಎರಡು. ಸೋಯಾದ ಬೇರಿನಲ್ಲಿ ಕಂಡ ಬೇರುಗಂಟು ಹುಳುವೇ ಇಲ್ಲೂ ಇದೆ. ಇನ್ನೊಂದು ಕೊರೆಯುವ ಜಂತುಹುಳು. ಇದು ಗಂಟು ಮಾಡುವುದಿಲ್ಲ, ಒಂದೇ ಕಡೆ ಕೂರುವುದೂ ಇಲ್ಲ. ಬೇರಿನ ಸಿಪ್ಪೆಯೊಳಗೆ ಸುರಂಗ ತೋಡುತ್ತಾ ಸಾಗುತ್ತದೆ, ಹೋದ ದಾರಿಯೆಲ್ಲ ಕಪ್ಪಾಗಿ ಕೊಳೆಯುತ್ತದೆ. ಮೊದಲು ಹೋಗುವುದು ಆಹಾರ ಹೀರುವ ಸಣ್ಣ ಬೇರುಗಳು. ಇಂಡೋನೇಷ್ಯಾದ ಬಾಂಗ್ಕಾ ದ್ವೀಪದಲ್ಲಿ ಕಳೆದ ಶತಮಾನದ ಮೊದಲರ್ಧದಲ್ಲಿ ಲಕ್ಷಾಂತರ ಮೆಣಸಿನ ಬಳ್ಳಿಗಳನ್ನು ಹಳದಿ ಮಾಡಿ ಕೊಂದದ್ದು ಇದೇ ಹುಳು. ಇದರ ಗಾಯದ ಮೂಲಕ ಕೊಳೆ ತರುವ ಶಿಲೀಂಧ್ರಗಳೂ ಒಳಬರುತ್ತವೆ. ಎಲ್ಲ ಸೇರಿ ತರುವುದೇ ನಾವು ನಿಧಾನ ಸೊರಗು ಎನ್ನುವ ರೋಗ.

ಮಳೆಗಾಲದಲ್ಲಿ ಹತ್ತು ಹದಿನೈದು ದಿನದಲ್ಲಿ ಎಲೆ ಕಪ್ಪಾಗಿ ಉದುರಿ, ಬಳ್ಳಿ ಪೂರ್ತಿ ಹೋಗುವುದು ಶೀಘ್ರ ಸೊರಗು. ಅದನ್ನು ಎಲ್ಲರೂ ಗುರುತಿಸುತ್ತಾರೆ, ಮೈಲುತುತ್ತ-ಸುಣ್ಣದ ಬೋರ್ಡೋ ದ್ರಾವಣಕ್ಕೆ ಓಡುತ್ತಾರೆ. ನಿಧಾನ ಸೊರಗು ಮಾತ್ರ ಮೋಸಗಾರ. ಜೂನ್‌ನಲ್ಲಿ ಹೊಸ ಬೇರು ಒಡೆಯುತ್ತದೆ, ಹುಳುವಿಗೆ ಹಬ್ಬ. ಮಳೆಗಾಲ ಪೂರ್ತಿ ನೀರು ಧಾರಾಳವಾಗಿ ಇರುವುದರಿಂದ ಅರ್ಧ ಬೇರಿನಲ್ಲೂ ಬಳ್ಳಿ ಹಸಿರಾಗಿ ಕಾಣುತ್ತದೆ. ಅಕ್ಟೋಬರ್ ಕಳೆದು ಮಣ್ಣು ಆರಿದಾಗಲೇ ಬೇರಿಲ್ಲದ್ದು ಎಲೆಯ ಮೇಲೆ ತೋರುವುದು. ಮುಂದಿನ ಮಳೆಗೆ ಮತ್ತೆ ಸ್ವಲ್ಪ ಹಸಿರು. ಹೀಗೆ ಎರಡು ಮೂರು ವರ್ಷ ಏಳುತ್ತ ಬೀಳುತ್ತ, ಪ್ರತಿ ಸಲ ಸ್ವಲ್ಪ ಸೊಪ್ಪು ಕಳೆದುಕೊಳ್ಳುತ್ತ, ಕೊನೆಗೆ ಹೋಗುತ್ತದೆ. ಆ ನಡುವೆ ಹಾಕಿದ ಗೊಬ್ಬರಕ್ಕೆ ಮಳೆಯ ಹಸಿರಿನ ಕೀರ್ತಿ ಸಿಗುತ್ತದೆ.

ಕೊರತೆಯ ಹಳದಿಯನ್ನೂ ಹುಳುವಿನ ಹಳದಿಯನ್ನೂ ಕಣ್ಣಳತೆಯಲ್ಲೇ ಸ್ವಲ್ಪ ಮಟ್ಟಿಗೆ ಬೇರ್ಪಡಿಸಬಹುದು. ಮೆಗ್ನೀಸಿಯಂ ಕಡಿಮೆಯಾದರೆ ಹಳೆಯ ಎಲೆಯ ನರ ಹಸಿರಾಗಿ ಉಳಿದು ನಡುವೆ ಹಳದಿ, ಪೊಟ್ಯಾಷ್ ಕಡಿಮೆಯಾದರೆ ತುದಿ ಅಂಚು ಸುಟ್ಟ ಹಾಗೆ, ಸಾರಜನಕವಾದರೆ ಕೆಳಗಿನ ಎಲೆಯೆಲ್ಲ ಒಂದೇ ಸಮ ಬಿಳಿಚು. ಇಂಥ ಕೊರತೆ ಸಾಮಾನ್ಯವಾಗಿ ತೋಟದ ಒಂದು ಇಡೀ ತುಂಡಿಗೆ ಹಬ್ಬಿರುತ್ತದೆ. ಹುಳುವಿನದು ಅಲ್ಲೊಂದು ಬಳ್ಳಿ, ಇಲ್ಲೊಂದು ಬಳ್ಳಿ. ಪಕ್ಕದ ಮರದ ಬಳ್ಳಿ ಕಡುಹಸಿರು. ಮರುವರ್ಷ ನೋಡಿದರೆ ಆ ಪಕ್ಕದ್ದೂ ಹಳದಿ. ಖಚಿತ ಆಗಬೇಕೆಂದರೆ ಬುಡದಿಂದ ಒಂದು ಅಡಿ ದೂರ, ಗೇಣು ಆಳಕ್ಕೆ ಮೆಲ್ಲಗೆ ಬಿಡಿಸಿ ಎಳೆಬೇರು ನೋಡುವುದೇ ದಾರಿ.

ನಮ್ಮಲ್ಲಿ ಎರಡೂ ಒಟ್ಟೊಟ್ಟಿಗೆ ಇರುವುದೇ ಹೆಚ್ಚು, ಕಷ್ಟ ಇರುವುದೂ ಅಲ್ಲೇ. ಘಟ್ಟದ ಮೇಲೂ ಕೆಳಗೂ ಸುರಿಯುವ ಮಳೆ ಪೊಟ್ಯಾಷ್, ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲವನ್ನೂ ತೊಳೆದು ಹಳ್ಳಕ್ಕೆ ಒಯ್ಯುತ್ತದೆ. ಜಂಬಿಟ್ಟಿಗೆ ಮಣ್ಣು ಹುಳಿ. ಹಿಂದಿನವರು ಇದಕ್ಕೆ ಉತ್ತರವಾಗಿ ಸೊಪ್ಪಿನಬೆಟ್ಟ, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡು, ಇಟ್ಟುಕೊಂಡಿದ್ದರು. ಒಂದು ಎಕರೆ ಬಾಗಾಯ್ತಕ್ಕೆ ಒಂಬತ್ತು ಎಕರೆ ಬೆಟ್ಟ ಎಂಬ ಲೆಕ್ಕ ಇವತ್ತಿಗೂ ಜನರ ಬಾಯಲ್ಲಿದೆ. ಸೊಪ್ಪು, ದರಕು (ಒಣಗಿದ ಎಲೆ), ಕೊಟ್ಟಿಗೆ ಗೊಬ್ಬರ ಪ್ರತಿ ವರ್ಷ ಬುಡಕ್ಕೆ ಬಿದ್ದಾಗ ಕ್ಯಾಲ್ಸಿಯಂ ವಾಪಸು ಬರುತ್ತಿತ್ತು. ಅಷ್ಟೇ ಅಲ್ಲ, ಕೊಳೆಯುವ ಸೊಪ್ಪಿನಲ್ಲಿ ಜಂತುಹುಳುವನ್ನು ಬಲೆ ಹಾಕಿ ಹಿಡಿಯುವ ಶಿಲೀಂಧ್ರಗಳೂ, ಅದನ್ನೇ ತಿಂದು ಬದುಕುವ ಬೇರೆ ಜಾತಿಯ ಹುಳುಗಳೂ ಬೆಳೆಯುತ್ತಿದ್ದವು. ಈಗ ಸೊಪ್ಪು ಕಡಿದು ಹೊರುವವರಿಲ್ಲ, ಕೊಟ್ಟಿಗೆಯಲ್ಲಿ ದನವಿಲ್ಲ. ಚೀಲದ ಗೊಬ್ಬರ ಸಾರಜನಕ ಕೊಟ್ಟೀತು, ಆ ಜೀವಜಾಲವನ್ನು ಕೊಡಲಾರದು. ಸೊಪ್ಪು ಹೊರುವುದು ನಿಂತದ್ದನ್ನು ನಾವು ಕೂಲಿಯ ಸಮಸ್ಯೆಯಾಗಿ ಮಾತ್ರ ಮಾತಾಡುತ್ತೇವೆ. ನನ್ನ ಮಟ್ಟಿಗೆ ಅದು ಬೇರಿನ ಆರೋಗ್ಯದ ಪ್ರಶ್ನೆ.

ಲೆಕ್ಕದಲ್ಲೂ ಒಂದು ಎಡವಟ್ಟಿದೆ. ಅಡಿಕೆ ಮರವೊಂದಕ್ಕೆ ವರ್ಷಕ್ಕೆ ಶಿಫಾರಸು 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್. ಗೊಬ್ಬರದ ಲೆಕ್ಕದಲ್ಲಿ ಸುಮಾರು 220 ಗ್ರಾಂ ಯೂರಿಯಾ, 230 ಗ್ರಾಂ ಮ್ಯೂರಿಯೇಟ್ ಆಫ್ ಪೊಟ್ಯಾಷ್. ಅಂದರೆ ಪೊಟ್ಯಾಷ್ ಯೂರಿಯಾಕ್ಕಿಂತ ತುಸು ಹೆಚ್ಚೇ ಬೀಳಬೇಕು. ಎಷ್ಟು ತೋಟಗಳಲ್ಲಿ ಹೀಗೆ ಬೀಳುತ್ತದೆ? ಯೂರಿಯಾ ಅಗ್ಗ, ಕೈ ಅದರತ್ತಲೇ ಹೋಗುತ್ತದೆ. ಅದೇ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿಗೆ ಬೇರೆ ಪಾಲು ಇಡುವವರಂತೂ ವಿರಳ. ಒಂದೇ ಎಲೆಯಲ್ಲಿ ಇಬ್ಬರು ಉಣ್ಣುತ್ತಿದ್ದಾರೆ, ಅದರಲ್ಲಿ ಒಬ್ಬರ ಬಾಯಿಗೆ ಹುಣ್ಣು.

ತೋಟದ ಕಟ್ಟಡವೂ ಹುಳುವಿಗೆ ಅನುಕೂಲ. ಅಡಿಕೆ, ಬಾಳೆ, ಮೆಣಸು, ಏಲಕ್ಕಿ ಒಟ್ಟಿಗೆ ಬೆಳೆಯುವುದು ನಮ್ಮ ಹೆಮ್ಮೆ, ಅದನ್ನು ಬಿಡಬೇಕು ಎನ್ನುವುದಿಲ್ಲ. ಆದರೆ ಕೊರೆಯುವ ಹುಳು ಬಾಳೆಯಲ್ಲೂ ಬದುಕುತ್ತದೆ, ಅಡಿಕೆಯ ಬೇರಿನಲ್ಲೂ ಬದುಕುತ್ತದೆ. ಸತ್ತ ಬಳ್ಳಿ ಕಿತ್ತು ಅದೇ ಜಾಗದಲ್ಲಿ ಹೊಸ ಬಳ್ಳಿ ನೆಟ್ಟರೆ ಅದಕ್ಕಾಗಿ ಪಕ್ಕದ ಬಾಳೆಯ ಬುಡದಲ್ಲಿ ಹುಳು ಕಾದಿರುತ್ತದೆ. ನೆರೆಮನೆಯಿಂದ ತಂದ ಬಾಳೆಕಂದಿನ ಜೊತೆಗೇ ಅದು ಬಂದಿರಲೂ ಸಾಕು. ಕಂದಿನ ಬೇರು ಪೂರ್ತಿ ಸವರಿ, ಕಪ್ಪಾದ ಭಾಗ ಬಿಳಿ ಕಾಣುವ ತನಕ ಕೆತ್ತಿ ನೆಟ್ಟರೆ ಅರ್ಧ ಪೀಡೆ ಅಲ್ಲೇ ಕಳೆಯುತ್ತದೆ.

ಕರಾವಳಿಯ ಕತೆ ಸ್ವಲ್ಪ ಬೇರೆ. ಅಂಕೋಲಾ, ಕುಮಟಾ, ಗೋಕರ್ಣದ ಕಡೆಯ ಮರಳು ಮಣ್ಣಿನಲ್ಲಿ ಹುಳು ಸಲೀಸಾಗಿ ಓಡಾಡುತ್ತದೆ, ಗೊಬ್ಬರ ಅಷ್ಟೇ ಸಲೀಸಾಗಿ ಸೋರಿಹೋಗುತ್ತದೆ. ಬದನೆ, ಬೆಂಡೆ, ಸೌತೆ ಎಲ್ಲವೂ ಬೇರುಗಂಟಿಗೆ ಇಷ್ಟವಾದ ಬೆಳೆಗಳೇ. ಆದರೂ ಅಲ್ಲಿನ ಹಾಲಕ್ಕಿ ಸಮುದಾಯದ ಹೆಂಗಸರು ತಲೆಮಾರುಗಳಿಂದ ಗದ್ದೆಯಲ್ಲಿ ಚೆಂದದ ತರಕಾರಿ ಬೆಳೆದು ಕಾರವಾರ, ಅಂಕೋಲಾದ ಪೇಟೆಗೆ ತಂದಿದ್ದಾರೆ. ಅದರ ಒಂದು ಗುಟ್ಟು ಭತ್ತ. ಮಳೆಗಾಲದಲ್ಲಿ ಎರಡು ಮೂರು ತಿಂಗಳು ಗದ್ದೆಯಲ್ಲಿ ನೀರು ನಿಂತಾಗ ಗಾಳಿ ಸಿಗದೆ, ಬಯಸಿದ ಬೇರೂ ಸಿಗದೆ, ತರಕಾರಿಯ ಬೇರುಗಂಟು ಹುಳುವಿನ ಸಂಖ್ಯೆ ತೀರಾ ಇಳಿಯುತ್ತದೆ. ಚಳಿಗಾಲದ ತರಕಾರಿ ಹೆಚ್ಚುಕಡಿಮೆ ಶುದ್ಧವಾದ ನೆಲದಲ್ಲಿ ಏಳುತ್ತದೆ. ಭತ್ತದಲ್ಲಿ ಲಾಭವಿಲ್ಲವೆಂದು ಗದ್ದೆ ಹಡಿಲು ಬಿಟ್ಟವರು, ಏರಿ ಹಾಕಿ ಅಡಿಕೆ ನೆಟ್ಟವರು, ಬೋರಿನ ನೀರಲ್ಲಿ ವರ್ಷಪೂರ್ತಿ ತರಕಾರಿಗಿಳಿದವರು ಭತ್ತದ ಲೆಕ್ಕದಲ್ಲಿ ಈ ತೊಳೆತದ ಬೆಲೆಯನ್ನು ಹಿಡಿದಿಲ್ಲ. ಭತ್ತಕ್ಕೂ ಅದರದೇ ಬೇರುಗಂಟು ಹುಳು ಒಂದಿದೆ ಎಂಬುದನ್ನು ಮರೆಯಬಾರದು, ಆದರೆ ಅದು ಕಾಡುವುದು ಮುಖ್ಯವಾಗಿ ನೀರು ನಿಲ್ಲದ ಸಸಿಮಡಿಯಲ್ಲಿ.

ಇಷ್ಟೆಲ್ಲ ಇದ್ದರೂ ನಮ್ಮ ಸಲಹೆಯ ವ್ಯವಸ್ಥೆ ಹಳದಿ ಎಲೆಯನ್ನು ಗೊಬ್ಬರದ ಕಣ್ಣಿನಿಂದಲೇ ನೋಡುತ್ತದೆ. 2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಚೀಟಿಯಲ್ಲಿ 12 ಅಂಶಗಳಿವೆ: ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಬೋರಾನ್, ಹುಳಿಯ ಪ್ರಮಾಣ ಹೀಗೆ. ಒಳ್ಳೆಯ ಕೆಲಸ, ಬೇಕಾದದ್ದು. ಆದರೆ ಆ ಹನ್ನೆರಡರಲ್ಲಿ ಒಂದೂ ಮಣ್ಣಿನೊಳಗಿನ ಜೀವಿಯ ಬಗ್ಗೆ ಹೇಳುವುದಿಲ್ಲ. ಚೀಟಿ ಸರಿಯಾಗಿದೆ, ಬಳ್ಳಿ ಸಾಯುತ್ತಿದೆ ಎಂದು ತಲೆ ಕೆಡಿಸಿಕೊಂಡವರನ್ನು ನಾನು ಕಂಡಿದ್ದೇನೆ.

ಜಂತುಹುಳುವಿನ ಪರೀಕ್ಷೆಗೆ ಮಣ್ಣು ಕೊಡುವ ರೀತಿಯೇ ಬೇರೆ, ಹೆಚ್ಚಿನವರು ತಪ್ಪುವುದು ಇಲ್ಲೇ. ಗೊಬ್ಬರದ ಪರೀಕ್ಷೆಗೆ ಮಣ್ಣನ್ನು ನೆರಳಲ್ಲಿ ಒಣಗಿಸಿ ಕೊಡುತ್ತೇವೆ. ಅದೇ ಅಭ್ಯಾಸದಲ್ಲಿ ಇದನ್ನೂ ಒಣಗಿಸಿದರೆ ಹುಳು ಸತ್ತು, ಏನೂ ಇಲ್ಲವೆಂದು ವರದಿ ಬರುತ್ತದೆ. ಪೂರ್ತಿ ಸತ್ತ ಬಳ್ಳಿಯ ಬುಡದ್ದು ಬೇಡ, ಅಲ್ಲಿ ಉಣ್ಣಲು ಏನೂ ಇಲ್ಲದೆ ಹುಳು ಆಗಲೇ ಜಾಗ ಬಿಟ್ಟಿರುತ್ತದೆ. ಹಳದಿಗೆ ತಿರುಗುತ್ತಿರುವ ಬಳ್ಳಿಯ ಎಳೆಬೇರಿನ ಸುತ್ತಲಿನ ಹಸಿ ಮಣ್ಣು ಸುಮಾರು 200 ಗ್ರಾಂ, ಜೊತೆಗೆ ಒಂದು ಹಿಡಿ ಎಳೆಬೇರು, ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಕಟ್ಟಿ, ಬಿಸಿಲು ತಾಗದಂತೆ, ಆದಷ್ಟು ಬೇಗ ತಲುಪಿಸಬೇಕು. ಮಧ್ಯಾಹ್ನ ಕಾರಿನ ಡಿಕ್ಕಿಯಲ್ಲಿಟ್ಟು ಪೇಟೆ ಕೆಲಸ ಮುಗಿಸಿಕೊಂಡು ಹೋದರೂ ಕೆಟ್ಟಿತು. ಎಲ್ಲಿ ಕೊಡುವುದೆಂದು ಶಿರಸಿಯ ಕೃಷಿ ವಿಜ್ಞಾನ ಕೇಂದ್ರದಲ್ಲೋ ತೋಟಗಾರಿಕೆ ಇಲಾಖೆಯಲ್ಲೋ ಮೊದಲೇ ವಿಚಾರಿಸಿಕೊಂಡು ಹೊರಟರೆ ಒಳ್ಳೆಯದು.

ಔಷಧಿಯ ಮಾತು. ಬುಡಕ್ಕೆ ಫೋರೇಟ್ ಹರಳು ಹಾಕುವ ಕಾಲ ಮುಗಿದಿದೆ. 2020ರ ಡಿಸೆಂಬರ್ 31ರಿಂದ ದೇಶದಲ್ಲಿ ಅದು ನಿಷೇಧ. ಎಲ್ಲೋ ಮೂಲೆಯಲ್ಲಿ ಹಳೆ ಪೊಟ್ಟಣ ಉಳಿದಿದ್ದರೂ ಬಳಸಬೇಡಿ. ಅಷ್ಟು ಘೋರ ವಿಷ ನಮ್ಮ ಇಳಿಜಾರಿನಲ್ಲಿ ಇಳಿದು ಹೋಗುವುದು ಕೆಳಗಿನ ಮನೆಯವರ ಬಾವಿಗೆ. ಈಗ ಉಳಿದಿರುವ ದಾರಿ ನಿಧಾನದ್ದು. ಮಳೆ ಹಿಡಿಯುವ ಮುಂಚೆ ಬಳ್ಳಿಗೆ ಒಂದು ಕಿಲೋ ಬೇವಿನ ಹಿಂಡಿ. ಜೊತೆಗೆ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರ, ಮತ್ತು ಹುಳುವಿನ ಮೊಟ್ಟೆಯನ್ನೇ ತಿನ್ನುವ ಪೊಕೋನಿಯಾ ಎಂಬ ಶಿಲೀಂಧ್ರ, ಕೊಟ್ಟಿಗೆ ಗೊಬ್ಬರದಲ್ಲಿ ಬೆಳೆಸಿ. ಎರಡು ವರ್ಷಕ್ಕೊಮ್ಮೆ ಏಪ್ರಿಲ್-ಮೇನಲ್ಲಿ ಅರ್ಧ ಕಿಲೋ ಸುಣ್ಣ ಅಥವಾ ಡೋಲಮೈಟ್. ಸುಣ್ಣವನ್ನೂ ಗೊಬ್ಬರವನ್ನೂ ಒಂದೇ ದಿನ ಹಾಕಿದರೆ ಸಾರಜನಕ ಗಾಳಿಗೆ ಹೋಗುತ್ತದೆ, ಕೆಲವು ವಾರ ಬಿಡಬೇಕು. ಬೇರುಗಂಟು ಹುಳುವನ್ನು ತಾಳಿಕೊಳ್ಳುವ ಪೌರ್ಣಮಿ ಎಂಬ ತಳಿಯನ್ನು ಕೋಯಿಕ್ಕೋಡಿನ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆ ಕೊಟ್ಟಿದೆ. ಕೊರೆಯುವ ಹುಳುವೂ ಇರುವ ತೋಟದಲ್ಲಿ ಅದೊಂದನ್ನೇ ನಂಬಿ ಕೂರುವಂತಿಲ್ಲ.

ನರ್ಸರಿಯ ಬಗ್ಗೆ ಮಾತ್ರ ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು. ನಮ್ಮ ತೋಟಕ್ಕೆ ಹುಳು ಬಂದದ್ದು ಕೊಟ್ಟೆಯ ಮಣ್ಣಿನಲ್ಲೇ ಎಂದು ನನ್ನ ನಂಬಿಕೆ. ಒಂದು ವರ್ಷ ಐವತ್ತು ಮೆಣಸಿನ ಗಿಡ ತಂದು ನೆಟ್ಟೆ, ಮೂರನೇ ವರ್ಷದಿಂದ ಆ ಸಾಲೇ ಮೊದಲು ಹಳದಿಗೆ ಬಿತ್ತು. ಗಿಡ ತರುವಾಗ ಚಿಗುರು ನೋಡಿದ್ದೆ, ಎಲೆ ನೋಡಿದ್ದೆ, ದರ ಚೌಕಾಸಿ ಮಾಡಿದ್ದೆ. ಒಂದೇ ಒಂದು ಕೊಟ್ಟೆ ಸೀಳಿ ಬೇರು ನೋಡಿರಲಿಲ್ಲ. ಈಗ ಗಿಡ ನಾನೇ ಮಾಡುತ್ತೇನೆ. ಮಾರ್ಚ್-ಏಪ್ರಿಲ್‌ನ ಬಿಸಿಲಿನಲ್ಲಿ ಮಣ್ಣಿಗೆ ನೀರು ಹನಿಸಿ, ಅರ್ಧ ಅಡಿ ದಪ್ಪಕ್ಕೆ ಹರಡಿ, ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ, ಅಂಚಿಗೆ ಮಣ್ಣು ಒತ್ತಿ ಒಂದೂವರೆ ತಿಂಗಳು ಬಿಡುತ್ತೇನೆ. ಆ ಕಾವಿಗೆ ಹುಳು, ಮೊಟ್ಟೆ, ಕಳೆಬೀಜ ಬಹುಪಾಲು ಬೇಯುತ್ತವೆ. ಆಮೇಲೆ ಟ್ರೈಕೋಡರ್ಮಾ ಬೆರೆಸಿ ಕೊಟ್ಟೆ ತುಂಬಿಸುವುದು.

ಆ ಐವತ್ತರಲ್ಲಿ ಹದಿನೇಳು ಬಳ್ಳಿ ಪೂರ್ತಿ ಸೊರಗಿದ್ದವು. ಬೇರುಸಮೇತ ಕಿತ್ತು, ತೋಟದ ಹೊರಗೆ ಒಯ್ದು ಸುಟ್ಟೆ. ಗುಂಡಿ ಬಿಸಿಲಿಗೆ ತೆರೆದಿಟ್ಟು, ಪಕ್ಕದ ಬಾಳೆಯನ್ನೂ ತೆಗೆದು, ಆ ಜಾಗ ಈ ವರ್ಷ ಖಾಲಿ ಬಿಟ್ಟಿದ್ದೇನೆ. ಅರ್ಧ ಹಳದಿಯಾಗಿದ್ದ ಹನ್ನೊಂದಕ್ಕೆ ಹಿಂಡಿ, ಸುಣ್ಣ, ಸೊಪ್ಪು, ಪೊಟ್ಯಾಷ್ ಎಲ್ಲ ಕ್ರಮವಾಗಿ ಕೊಟ್ಟು ಎರಡು ಮಳೆಗಾಲ ಆಯಿತು. ಮೊನ್ನೆ ಅವುಗಳಲ್ಲಿ ಒಂದರ ಬುಡ ಬಿಡಿಸಿ ನೋಡಿದೆ. ಹಳೆಯ ಬೇರಿನಲ್ಲಿ ಕಪ್ಪು ಇನ್ನೂ ಇತ್ತು. ಅದರ ಮೇಲ್ಗಡೆಯಿಂದ ನಾಲ್ಕು ಹೊಸ ಬೇರು ಒಡೆದಿದ್ದವು, ತುದಿ ಬೆಳ್ಳಗೆ. ಮಣ್ಣು ಮುಚ್ಚಿ, ದರಕು ಎಳೆದು, ಮುಂದಿನ ಬಳ್ಳಿಗೆ ಹೋದೆ.